ಬಾಳೆಹಣ್ಣಿನ ಕರಿ ಚುಕ್ಕೆ

ಬೆಳಗಿನ ಪೂಜೆ ಮುಗಿದು ನೈವೇದ್ಯದ ಬಾಳೆಹಣ್ಣು ಕೈಗೆ ಬಂದಾಗ ಅದನ್ನೊಮ್ಮೆ ನಡುವೆ ಮುರಿದು ನೋಡಿ. ತಿರುಳಿನೊಳಗೆ ಸಾಸಿವೆಗಿಂತ ಸಣ್ಣ ಕರಿ ಚುಕ್ಕೆಗಳಿರುತ್ತವೆ. ಬೀಜವಾಗಲು ಹೊರಟು ಆಗದೆ ಉಳಿದವು ಅವು.

ಯಾಕೆ ಆಗಲಿಲ್ಲ? ಉತ್ತರ ಜೀವಕೋಶದೊಳಗಿದೆ. ಅದು ಒಡೆದು ಹೆಚ್ಚುವುದಕ್ಕೆ ಎರಡು ಬಗೆ. ಮೈಟಾಸಿಸ್‌ನಲ್ಲಿ ವಂಶದ ಗುಣ ಹೊತ್ತ ವರ್ಣತಂತುಗಳೆಲ್ಲ ತಮ್ಮ ಒಂದೊಂದು ಪ್ರತಿ ಮಾಡಿಕೊಂಡು ಒಂದೇ ಸಲ ಹಂಚಿಹೋಗುತ್ತವೆ. ನಮ್ಮ 46 ವರ್ಣತಂತುಗಳು ಎರಡೂ ಕೋಶಗಳಲ್ಲಿ 46 ಆಗಿಯೇ ಉಳಿಯುತ್ತವೆ. ಈಳಿಗೆಮಣೆ ತಾಗಿ ಕೊಯ್ದ ಬೆರಳು ಮಾಯುವುದು ಹೀಗೆ.

ಅಂಡ, ವೀರ್ಯಾಣು, ಪರಾಗ ತಯಾರಾಗುವಲ್ಲಿ ನಡೆಯುವ ಮಿಯಾಸಿಸ್ ಬೇರೆಯೇ. ಪ್ರತಿ ಮಾಡಿಕೊಳ್ಳುವುದು ಒಮ್ಮೆ, ಒಡೆಯುವುದು ಎರಡು ಸಲ. ಹಾಗಾಗಿ 46 ಇದ್ದದ್ದು 23ಕ್ಕೆ ಇಳಿಯುತ್ತದೆ. ಆದರೆ ಈ ಅರ್ಧ ಮಾಡುವ ಲೆಕ್ಕಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸುವುದು ಅದಕ್ಕೂ ಮೊದಲು ಆಗುವ ಕೆಲಸ. ತಾಯಿಯಿಂದ ಬಂದ ವರ್ಣತಂತು ತಂದೆಯಿಂದ ಬಂದ ತನ್ನ ಜೋಡಿಯನ್ನು ಹುಡುಕಿ, ಉದ್ದಕ್ಕೂ ಮೈಗೆ ಮೈ ತಾಗಿಸಿ ನಿಂತು, ಅಲ್ಲಲ್ಲಿ ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುತ್ತದೆ. ಬದುಕಿನುದ್ದಕ್ಕೂ ಒಂದು ಮಾತಿಗೂ ಹೊಂದಿಕೊಳ್ಳದ ಅಜ್ಜ ಅಜ್ಜಿ ಮೊಮ್ಮಗುವಿಗೆ ಹೋಗುವ ಒಂದೇ ತಂತುವಿನಲ್ಲಿ ಕೂಡುವುದು ಇಲ್ಲಿ. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಅಕ್ಕ ತಂಗಿಯರು ಒಬ್ಬರಂತೆ ಒಬ್ಬರಿಲ್ಲದಿರುವುದಕ್ಕೆ ಇದೂ ಒಂದು ಕಾರಣ.

ಜೋಡಿ ಹುಡುಕುವ ಈ ಹಂತದಲ್ಲೇ ಬಾಳೆ ಎಡವುತ್ತದೆ. ನಾವು ತಿನ್ನುವ ಹೆಚ್ಚಿನ ತಳಿಗಳಲ್ಲಿ 11ರ ಮೂರು ಕಟ್ಟು, ಒಟ್ಟು 33 ವರ್ಣತಂತು. ಎರಡು ಜೊತೆಯಾದರೆ ಮೂರನೆಯದು ಒಂಟಿ. ಪಾಲು ಸರಿಹೋಗದೆ ಬೀಜ ಕಟ್ಟುವುದಿಲ್ಲ. ಕಾಯಿ ಮಾತ್ರ ಪರಾಗದ ಹಂಗಿಲ್ಲದೆ ತಾನೇ ತುಂಬಿಕೊಳ್ಳುತ್ತದೆ. ಬೀಜವಿಲ್ಲದ್ದಕ್ಕೇ ರೈತರು ಬುಡದ ಕಂದು ಕಿತ್ತು ನೆಡುತ್ತಾರೆ. ಕಂದು ಬೆಳೆಯುವುದು ಬರೀ ಮೈಟಾಸಿಸ್‌ನಿಂದ, ಅದು ತಾಯಿಗಿಡವೇ ಮತ್ತೊಮ್ಮೆ.

ನಂಜನಗೂಡು ರಸಬಾಳೆಯ ಆ ರುಚಿ ತಲೆಮಾರುಗಳಿಂದ ಕೆಡದೆ ಬಂದದ್ದು ಈ ನಿಷ್ಠೆಯಿಂದ. ಮಣ್ಣಿನ ಶಿಲೀಂಧ್ರ ತರುವ ಪನಾಮ ಸೊರಗು ರೋಗ ಹೊಕ್ಕಾಗ ತೋಟಗಳು ಸಾಲುಸಾಲಾಗಿ ಒಣಗಿದ್ದಕ್ಕೂ ಅದೇ ನಿಷ್ಠೆ ಕಾರಣ. ಒಂದು ಗಿಡಕ್ಕೆ ತಡೆಯುವ ಶಕ್ತಿ ಇಲ್ಲವೆಂದರೆ ಪಕ್ಕದ್ದಕ್ಕೂ ಇಲ್ಲ.

ಪಶ್ಚಿಮ ಘಟ್ಟದಲ್ಲಿ ಕಾಡುಬಾಳೆ ಇದೆ. ಅದರದ್ದು 22 ವರ್ಣತಂತು, ಜೋಡಿ ತಪ್ಪುವುದಿಲ್ಲ. ಹಣ್ಣಿನ ತುಂಬ ಕಲ್ಲಿನಂಥ ಬೀಜ, ತಿನ್ನೋಣವೆಂದರೆ ತಿರುಳೇ ಸಿಗದು. ರೋಗ ತಡೆಯುವ ಗುಣ ಬೇಕಾದಾಗ ತಳಿವಿಜ್ಞಾನಿಗಳು ಹುಡುಕಿಕೊಂಡು ಹೋಗುವುದು ಇಂಥ ಕಾಡುಬಾಳೆಗಳನ್ನೇ.