ಗೂಟಕ್ಕೆ ತಕ್ಕ ಬಣವಿ

ಎರಡೇ ಎಕರೆ ಇದ್ದವನು ಮೇವು ಮಾಡಿಕೊಳ್ಳಬೇಕೋ, ಕೊಂಡು ಹಾಕಬೇಕೋ? ಕಲಘಟಗಿ ತಾಲೂಕಿನ ಬಮ್ಮಿಗಟ್ಟಿಯಂಥ ಊರುಗಳಲ್ಲಿ ಭತ್ತದ ಕೊಯ್ಲು ಹತ್ತಿರ ಬಂದಾಗ ಈಗ ಈ ಪ್ರಶ್ನೆ ಏಳುತ್ತದೆ. ಹಿಂದೆ ಏಳುತ್ತಿರಲಿಲ್ಲ. ಮನೆಯಲ್ಲಿ ಎತ್ತು ಇದ್ದವು, ಹೊಲದಲ್ಲಿ ಹುಲ್ಲು ಇತ್ತು, ಹಿತ್ತಲದಲ್ಲಿ ಬಣವಿ ಏಳುತ್ತಿತ್ತು. ಅದರ ಲಾಭ-ಲುಕ್ಸಾನು ಯಾರೂ ಕೇಳುತ್ತಿರಲಿಲ್ಲ. ಈಗ ಎತ್ತಿನ ಜಾಗಕ್ಕೆ ಬಾಡಿಗೆ ಟ್ರ್ಯಾಕ್ಟರ್ ಬಂದಿದೆ, ಜೋಳದ ಜಾಗಕ್ಕೆ ಗೋವಿನಜೋಳ, ಸೋಯಾ, ಹತ್ತಿ ಬಂದಿವೆ, ಕುಡುಗೋಲಿನ ಜಾಗಕ್ಕೆ ಕಟಾವು ಮಷಿನ್ ಬಂದಿದೆ. ಮಷಿನ್ ಕಾಳನ್ನು ಚೀಲಕ್ಕೆ ತುಂಬಿ, ಹುಲ್ಲನ್ನು ಹಿಂದೆ ಚೆಲ್ಲಿ ಹೋಗುತ್ತದೆ. ಚೆಲ್ಲಿದ್ದನ್ನು ಬಳಿಯಬೇಕೇ, ಬಿಡಬೇಕೇ, ಕಡ್ಡಿ ಗೀರಬೇಕೇ ಎಂಬುದು ಹೊಲದವನ ತಲೆಗೆ ಬಂದ ಹೊಸ ಯೋಚನೆ.

ಓದಿ ಬಂದ ಹುಡುಗನ ಮಾತು ನೇರ: ‘ಕಾಕಾ, ನೀವs ಲೆಕ್ಕಾ ಹಾಕ್ರಿ. ಆಳಿನ ಪಗಾರ ಹುಲ್ಲಿನ ರೊಕ್ಕಕ್ಕಿಂತ ಹೆಚ್ಚಾಗತೈತಿ. ಇದನ್ನ್ಯಾಕ ಮಾಡೂದು?’ ಅವನ ಮಾತನ್ನು ಸೋಮಾರಿತನ ಎಂದು ತಳ್ಳಿಹಾಕುವುದು ಸುಲಭ. ಆದರೆ ಅವನ ಲೆಕ್ಕ ತಪ್ಪಲ್ಲ. ಕೊಯ್ಯುವವರು, ಪೆಂಡಿ ಕಟ್ಟುವವರು, ಹೇರುವವರು, ಒಟ್ಟುವವರು ಎಲ್ಲರಿಗೂ ಕೂಲಿ ಹಿಡಿದರೆ ಎಕರೆ ಹುಲ್ಲಿನಲ್ಲಿ ಉಳಿಯುವುದು ಅಷ್ಟರಲ್ಲೇ ಇದೆ. ಹುಲ್ಲನ್ನು ಪೆಂಡಿ ಕಟ್ಟುವ ಬೇಲರ್ ಯಂತ್ರ ಕೊಳ್ಳುವ ಮಾತಂತೂ ಎರಡು ಎಕರೆಯವನಿಗೆ ದೂರ. ಬಾಡಿಗೆಗೆ ಕರೆದರೆ ಅದು ದೊಡ್ಡ ಹೊಲಗಳನ್ನು ಮುಗಿಸಿ ಕೊನೆಗೆ ಇವನಲ್ಲಿಗೆ ಬರುತ್ತದೆ. ಅಷ್ಟರಲ್ಲಿ ಒಂದು ಮಳೆ ಬಿದ್ದರೆ ಹುಲ್ಲು ಕಪ್ಪಾಗಿರುತ್ತದೆ.

ಮಳೆಯೇ ಇಲ್ಲಿನ ಮೊದಲ ಮಾತು. ನವಲಗುಂದ, ಅಣ್ಣಿಗೇರಿಯ ಎರೆಹೊಲದವರಿಗೆ ಹಿಂಗಾರಿ ಜೋಳ ಕೊಯ್ಲಿಗೆ ಬರುವುದು ಮಳೆಯ ಕಾಟ ಕಡಿಮೆಯಾದ ಮೇಲೆ. ಅವರ ಕಣಕಿ ಗರಿಗರಿ ಒಣಗಿ ಮನೆ ಸೇರುತ್ತದೆ. ಕಲಘಟಗಿ ಅರೆಮಲೆನಾಡು. ಇಲ್ಲಿ ಹಸಿಹುಲ್ಲು ಒಳ್ಳೆಯ ಸತ್ವದಲ್ಲಿರುವುದು ಆಷಾಢ-ಶ್ರಾವಣದಲ್ಲಿ, ಆಗ ಬಿಸಿಲಿರುವುದಿಲ್ಲ. ಬಿಸಿಲು ಗಟ್ಟಿಯಾಗುವ ಹೊತ್ತಿಗೆ ಬದುವಿನ ಹುಲ್ಲು ತೆನೆ ಹಾಯ್ದು, ಬಲಿತು, ನಾರಾಗಿರುತ್ತದೆ. ಎಳೆಯದನ್ನು ಕೊಯ್ದರೆ ಕೊಳೆಯುತ್ತದೆ, ಬಲಿತದ್ದನ್ನು ಕೊಯ್ದರೆ ಹೊಟ್ಟೆ ತುಂಬುತ್ತದೆ, ಹಾಲು ಹೆಚ್ಚುವುದಿಲ್ಲ. ಒಣಮೇವು ಮಾಡುವವನು ಈ ಎರಡರ ನಡುವಿನ ನಾಲ್ಕು ಬಿಸಿಲಿಗೆ ಕಾಯಬೇಕು. ಹಿಡಿಹುಲ್ಲು ತಿರುಚಿ ನೋಡುತ್ತಾರೆ: ಮೆತ್ತಗೆ ಬಾಗಿದರೆ ಇನ್ನೂ ಹಸಿ, ಪಟ್ಟನೆ ಮುರಿದರೆ ಆಯಿತು. ನೀರಿನಂಶ ನೂರಕ್ಕೆ 15-18 ಪಾಲಿಗೆ ಇಳಿಯದೆ ಒಟ್ಟಿದ ಹುಲ್ಲು ಒಳಗೊಳಗೇ ಕಾಯುತ್ತದೆ, ಬೂಷ್ಟು ಹಿಡಿಯುತ್ತದೆ. ತೀರ ಕಾದರೆ ಯಾರೂ ಹಚ್ಚದೆಯೇ ಬೆಂಕಿ ಹೊತ್ತಿಕೊಳ್ಳುವುದೂ ಉಂಟು.

ಬಣವಿ ಒಟ್ಟುವುದು ಹುಲ್ಲು ಗುಡ್ಡೆ ಹಾಕಿದಷ್ಟು ಸುಲಭವಲ್ಲ. ಕೆಳಗೆ ಕಲ್ಲು, ಕಟ್ಟಿಗೆ ಹಾಸಿ ನೆಲದ ತಂಪು, ಗೆದ್ದಲು ಮೇಲೇರದಂತೆ ಮಾಡಬೇಕು. ಬುಡ ಹೊರಗೆ, ತುದಿ ಒಳಗೆ ಇಟ್ಟು ಸಾಲು ಕಟ್ಟಬೇಕು. ಮೇಲೆ ನಿಂತವನು ತುಳಿಯುತ್ತ, ನಡುವನ್ನು ಎತ್ತರಿಸುತ್ತ ಬರಬೇಕು; ನಡು ತಗ್ಗಿದರೆ ಮಳೆನೀರು ಅಲ್ಲಿಗೇ ಇಳಿಯುತ್ತದೆ. ಆಮೇಲೆ ಹಿರಿಯುವಾಗಲೂ ಶಿಸ್ತು ಬೇಕು. ಗಾಳಿಮಳೆ ಹೊಡೆಯದ ಮಗ್ಗುಲಿನಿಂದ, ತಲೆ ಕೆಡದಂತೆ ದಿನದ್ದು ದಿನಕ್ಕೆ ಎಳೆಯಬೇಕು. ಒಂದೇ ದಿನದ ಅವಸರಕ್ಕೆ ನೆತ್ತಿ ಕಿತ್ತವನು ಇಡೀ ಬಣವಿಯನ್ನು ಮಳೆಗೆ ಒಪ್ಪಿಸಿದ ಹಾಗೆ.

ಇಷ್ಟು ಶ್ರಮಕ್ಕೆ ಸಿಗುವುದೆಷ್ಟು? 400 ಕಿಲೋ ತೂಕದ ದನಕ್ಕೆ ದಿನಕ್ಕೆ ಸುಮಾರು 10 ಕಿಲೋ ಒಣ ಆಹಾರ ಬೇಕು. ಅದರಲ್ಲಿ ಮೂರರಲ್ಲಿ ಎರಡು ಪಾಲು, ಅಂದರೆ ಆರೇಳು ಕಿಲೋ, ಹುಲ್ಲಿನಿಂದಲೇ ಬರಬೇಕು. ಮಳೆಗಾಲದ ನಾಲ್ಕೈದು ತಿಂಗಳು ಹಸಿರು ನಡೆಸುತ್ತದೆ ಎಂದು ಬಿಟ್ಟರೂ ಉಳಿದ ಏಳು ತಿಂಗಳಿಗೆ ಒಂದು ದನಕ್ಕೆ ಸುಮಾರು 15 ಕ್ವಿಂಟಲ್ ಒಣಹುಲ್ಲು. ಮಳೆ ನಂಬಿದ ಒಂದು ಎಕರೆ ಭತ್ತ ಒಳ್ಳೆಯ ವರ್ಷದಲ್ಲಿ ಹೆಚ್ಚುಕಡಿಮೆ ಅಷ್ಟೇ ಹುಲ್ಲು ಕೊಡುತ್ತದೆ. ಎಕರೆಗೆ ಒಂದು ಗೂಟ. ಅದರಲ್ಲಿ ಅರ್ಧಕ್ಕೆ ಸೋಯಾ ಬಿತ್ತಿದರೆ ಗೂಟವೂ ಅರ್ಧವಾಗುತ್ತದೆ. ಎರಡು ದನ ಕಟ್ಟಿದವನ ಎರಡು ಎಕರೆಯಲ್ಲಿ ಮಾರಾಟಕ್ಕೆಂದು ಉಳಿಯುವ ಹುಲ್ಲು ಇಲ್ಲವೇ ಇಲ್ಲ ಎಂಬುದನ್ನು ಈ ಲೆಕ್ಕವೇ ಹೇಳುತ್ತದೆ. ಇನ್ನು ದನವಿಲ್ಲದವನು ಮಾರಲೆಂದು ಮೇವು ಮಾಡುವುದು ವ್ಯರ್ಥ ದುಡಿಮೆ ಎಂದೇ ನನ್ನ ಅನಿಸಿಕೆ. ಒಂದು ಟನ್ ಭತ್ತದ ಹುಲ್ಲಿನ ಜೊತೆ ಸುಮಾರು 15 ಕಿಲೋ ಪೊಟ್ಯಾಶಿಯಂ ಹೊಲ ಬಿಟ್ಟು ಹೋಗುತ್ತದೆ. ಮಾರಿದ ರೊಕ್ಕದಲ್ಲಿ ಒಂದಷ್ಟು ಮರುವರ್ಷ ಗೊಬ್ಬರದ ಅಂಗಡಿಗೇ ಹೋಗುತ್ತದೆ. ದನವಿಲ್ಲದ ಹೊಲದ ಹುಲ್ಲು ಮಣ್ಣಿನ ಪಾಲು. ಅದನ್ನು ಅಲ್ಲೇ ಕೊಳೆಯಲು ಬಿಡಬೇಕು, ಸುಡಬಾರದು.

ಮನೆಯಲ್ಲಿ ಒಂದು ಎಮ್ಮೆ, ಒಂದು ಆಕಳು ಇದ್ದರೆ ಮಾತು ಬೇರೆ. ಆಗ ಹುಲ್ಲಿಗೆ ಬೆಲೆ ಕಟ್ಟುವ ಮೊದಲು ಅದು ಯಾರದು ಎಂದು ಕೇಳಬೇಕಾಗುತ್ತದೆ. ಕಾಳು ನಮ್ಮದು, ಸರಿ. ದನವನ್ನು ಗೂಟಕ್ಕೆ ಕಟ್ಟಿದ ದಿನ ಅದರ ಕಾಲಿನ ಸ್ವಾತಂತ್ರ್ಯ ನಾವು ಕಸಿದುಕೊಂಡೆವು; ಬೇಸಿಗೆಯಲ್ಲಿ ಹುಲ್ಲಿರುವ ಕಡೆ ಅದು ತಾನಾಗಿ ಹೋಗಲಾರದು. ಹಗ್ಗದ ಉದ್ದ ಎಷ್ಟೋ ಅಷ್ಟೇ ಅದರ ಲೋಕ. ಆ ಲೋಕದೊಳಗೆ ವರ್ಷಪೂರ್ತಿ ಹುಲ್ಲಿರಬೇಕಾದದ್ದು ಹಗ್ಗ ಬಿಗಿದವನ ಸಾಲ. ಸಾಲ ತೀರಿಸುವುದರಲ್ಲಿ ಲಾಭವೇನು ಎಂದು ಯಾರೂ ಕೇಳುವುದಿಲ್ಲ. ತೀರಿಸಲು ಆಗದಿದ್ದರೆ ಸಾಲ ಮಾಡಬಾರದು, ಅಷ್ಟೇ.

‘ಕೊಂಡು ಹಾಕಿದರಾಯಿತು’ ಎಂಬುದು ಒಳ್ಳೆಯ ವರ್ಷದ ಮಾತು. 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ಅಂಥ ವರ್ಷ ರೊಕ್ಕ ಇದ್ದವನಿಗೂ ಮೇವು ಸಿಗುವುದು ಕಷ್ಟ. ಎಲ್ಲರೂ ಒಟ್ಟಿಗೆ ಕೊಳ್ಳಲು ಹೊರಟಾಗ ಹುಲ್ಲಿನ ದರ ಏರುತ್ತದೆ, ದನದ ದರ ಇಳಿಯುತ್ತದೆ. ಬಣವಿ ಇದ್ದವನು ಆ ಸಂತೆಯಿಂದ ಹೊರಗಿರುತ್ತಾನೆ. ಕೆಲವು ವರ್ಷಗಳಿಗೊಮ್ಮೆ ಬರುವ ಇಂಥ ಕಷ್ಟ ಹುಡುಗನ ಲೆಕ್ಕದ ಪುಸ್ತಕದಲ್ಲಿ ಇರುವುದಿಲ್ಲ. ಅವನು ನೋಡುವುದು ಈ ವರ್ಷದ ಪುಟವನ್ನು ಮಾತ್ರ.

ಬಣವಿಯ ಪರವಾಗಿ ಮಾತಾಡುವ ನಾವೂ ಒಂದು ಪುಟ ಮುಚ್ಚಿಡುತ್ತೇವೆ. ‘ಮನೆ ಮೇವು ಪುಕ್ಕಟೆ’ ಎನ್ನುತ್ತೇವೆ. ಅದು ಪುಕ್ಕಟೆ ಆಗುವುದು ಮನೆಯ ಹೆಣ್ಣುಮಕ್ಕಳ ದುಡಿಮೆಗೆ ಸೊನ್ನೆ ಬರೆದಾಗ. ಬದುವಿನ ಹುಲ್ಲು ಕೊಯ್ದು ತಲೆ ಮೇಲೆ ಹೊತ್ತು ತರುವವಳು, ನಸುಕಿನಲ್ಲಿ ಬಣವಿ ಹಿರಿದು ಗೋದಲಿಗೆ ಹಾಕುವವಳು, ಸೆಗಣಿ ಬಳಿದು ತಿಪ್ಪಿಗೆ ಚೆಲ್ಲುವವಳು ಯಾವ ಲೆಕ್ಕದಲ್ಲಿದ್ದಾಳೆ? ಹಾಲಿನ ರೊಕ್ಕ ಅವಳ ಕೈಗೆ ಬರುತ್ತದೆಯೇ? ಸಂಪ್ರದಾಯ ಎಂಬ ಹೆಸರಿನಲ್ಲಿ ಅವಳ ಬೆನ್ನಿನ ಮೇಲೆ ಒಟ್ಟಿದ ಬಣವಿಯನ್ನು ನಾನು ಹೊಗಳಲಾರೆ. ಎಮ್ಮೆ ಸಾಕುವ ಹೆಣ್ಣುಮಗಳು ಗಂಡನಿಗೆ ‘ಎಮ್ಮಿ ಕಟ್ಟೂ ಮುಂದ ನನ್ನ ಕೇಳ್ರಿ, ಮೇಯಿಸಾಕಿ ನಾನು’ ಎಂದರೆ, ಮೇವಿನ ಅರ್ಥಶಾಸ್ತ್ರದಲ್ಲಿ ಅದಕ್ಕಿಂತ ನ್ಯಾಯದ ಮಾತಿಲ್ಲ.

ಶ್ರಮ ತಗ್ಗಿಸುವ ದಾರಿಗಳು ದೂರವಿಲ್ಲ. ಧಾರವಾಡದಲ್ಲೇ ಕೃಷಿ ವಿಶ್ವವಿದ್ಯಾಲಯವಿದೆ. ಝಾನ್ಸಿಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ದಕ್ಷಿಣ ಕೇಂದ್ರವೂ ಇದೆ. ಬದುವಿಗೆ ಹಚ್ಚಿದ ನೇಪಿಯರ್ ಹುಲ್ಲಿನ ಕಡ್ಡಿ ವರ್ಷಗಟ್ಟಲೆ ಕೊಯ್ಲು ಕೊಡುತ್ತದೆ. ಮೇವು ಕತ್ತರಿಸುವ ಯಂತ್ರವಿದ್ದರೆ ಗೋದಲಿಯಲ್ಲಿ ತುಳಿದು ಹಾಳಾಗುವುದು ಉಳಿಯುತ್ತದೆ. 100 ಕಿಲೋ ಭತ್ತದ ಹುಲ್ಲಿಗೆ 4 ಕಿಲೋ ಯೂರಿಯಾವನ್ನು ನೀರಲ್ಲಿ ಕರಗಿಸಿ ಚಿಮುಕಿಸಿ, ಗಾಳಿಯಾಡದಂತೆ 21 ದಿನ ಮುಚ್ಚಿಟ್ಟರೆ ಅದೇ ಹುಲ್ಲಿನ ಸತ್ವ ಹೆಚ್ಚುತ್ತದೆ. ಮಳೆಗಾಲದ ಹಸಿರನ್ನು ಒಣಗಿಸಲು ಆಗದಿದ್ದರೆ ಕತ್ತರಿಸಿ, ಒಳಗಿನ ಗಾಳಿ ಹೊರಹೋಗುವಂತೆ ತುಳಿದು ಚೀಲದಲ್ಲಿ ರಸಮೇವು ಮಾಡಬಹುದು. ಹಿಂದೆ ಮುಯ್ಯಾಳಿನ ಪದ್ಧತಿಯಲ್ಲಿ ಇವತ್ತು ನಿನ್ನ ಬಣವಿ, ನಾಳೆ ನನ್ನದು ಎಂದು ಒಟ್ಟುತ್ತಿದ್ದರು. ನಾಲ್ಕೈದು ಸಣ್ಣ ಹೊಲದವರು ಸೇರಿ ಬೇಲರ್ ಕರೆಸಿದರೆ ಅದೂ ಒಂದು ಮುಯ್ಯಿಯೇ.

ಯಾವ ದನ ಎಂಬುದೂ ಇದರಲ್ಲೇ ಸೇರಿದೆ. ಈ ಸೀಮೆಯ ಗೌಳಿಗರು ಕಾಡಂಚಿನಲ್ಲಿ ಮೇಯಿಸಿ ಉಳಿಸಿಕೊಂಡು ಬಂದ ಧಾರವಾಡ ಎಮ್ಮೆಗೆ 2021ರಲ್ಲಿ ಕರ್ನಾಲಿನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೋ ತಳಿಯ ಮಾನ್ಯತೆ ಕೊಟ್ಟಿತು. ಅದು ಕೊಡಗಟ್ಟಲೆ ಕರೆಯುವುದಿಲ್ಲ, ಆದರೆ ಒಣಹುಲ್ಲಿನಲ್ಲೂ ದಿನ ದೂಡುತ್ತದೆ. ಹೆಚ್ಚು ಹಾಲಿನ ಆಸೆಗೆ ತಂದ ಮಿಶ್ರತಳಿಯ ಆಕಳು ಹಸಿರನ್ನೂ ಹಿಂಡಿಯನ್ನೂ ಕೇಳುತ್ತದೆ. ಎರಡು ಎಕರೆಯವನು ಹಾಲಿನ ಅಳತೆ ನೋಡಿ ದನ ತರುವುದಕ್ಕಿಂತ ತನ್ನ ಹುಲ್ಲಿನ ಗುಣ ನೋಡಿ ತರುವುದು ಲೇಸು.

ಇನ್ನೊಂದು ಮಾತು ಊರಿಗೆ ಸಂಬಂಧಿಸಿದ್ದು. ಕರ್ನಾಟಕದ ಭೂ ಕಂದಾಯ ನಿಯಮಗಳ ಪ್ರಕಾರ 100 ದನಕ್ಕೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಗೋಮಾಳ ಇರಬೇಕು. ದನಕ್ಕೆ ಹನ್ನೆರಡು ಗುಂಟೆ ಬಂತು. ಎಷ್ಟೋ ಊರುಗಳಲ್ಲಿ ಆ ಜಾಗಕ್ಕೆ ಒತ್ತುವರಿಯ ಬೇಲಿ ಬಂದಿದೆ, ಕಟ್ಟಡ ಬಂದಿದೆ. ಇದರಿಂದ ಮೊದಲು ಪೆಟ್ಟು ತಿನ್ನುವುದು ಹೊಲವೇ ಇಲ್ಲದೆ ಎರಡು ಆಡು, ಒಂದು ಆಕಳು ಸಾಕಿಕೊಂಡವರು. ತನ್ನ ಹುಲ್ಲಿಗೆ ಮೀರಿ ದನ ಕಟ್ಟುವವನು ಉಳಿದ ಗೋಮಾಳದಲ್ಲಿ ಅವರ ಪಾಲನ್ನೇ ಮೇಯಿಸುತ್ತಾನೆ. ಮನೆಯ ಬಣವಿ ಊರಿನ ಹುಲ್ಲಿಗೂ ಒಂದು ಕಾವಲು.

ಆದ್ದರಿಂದ ಸಣ್ಣ ಹೊಲದಲ್ಲಿ ಮೇವು ಮಾಡುವುದು ಗಿಟ್ಟುತ್ತದೆಯೇ ಎಂದು ಕೇಳಿದವರಿಗೆ ನಾನು ಹೊಲದ ಅಳತೆ ಕೇಳುವುದಿಲ್ಲ, ಗೂಟ ಎಷ್ಟಿವೆ ಎಂದು ಕೇಳುತ್ತೇನೆ. ಗೂಟವಿಲ್ಲದಿದ್ದರೆ ಹುಲ್ಲು ಮಣ್ಣಿಗೆ ಬಿಡಿ. ಗೂಟವಿದ್ದರೆ ಅಷ್ಟಕ್ಕೆ ಸಾಲುವಷ್ಟು ಒಟ್ಟಿ, ದುಡಿದವರ ಕೂಲಿಯನ್ನು ಮನೆಯವರದಾದರೂ ಬರೆದಿಡಿ. ಲೆಕ್ಕ ತಾಳೆಯಾಗದಿದ್ದರೆ ಗೂಟ ಕಡಿಮೆ ಮಾಡಿ. ಈ ಎಣಿಕೆ ಸುಗ್ಗಿಯಲ್ಲೇ ಆಗಬೇಕು. ಬೇಸಿಗೆಗೆ ಬಿಟ್ಟವನು ಎಣಿಸುವುದು ಸಂತೆಯಲ್ಲಿ, ದಲಾಲಿ ಹೇಳಿದ ದರಕ್ಕೆ.