ಕ್ರಾಸಿಂಗ್ ಎಲ್ಲಾಯ್ತು?

ಹಾಸನ ಜಿಲ್ಲೆಯ ಬಸ್ ಸ್ಟ್ಯಾಂಡುಗಳಲ್ಲಿ ಕಂಟ್ರೋಲರ್ ಆಗಿ ಕೂದಲು ಬೆಳ್ಳಗಾದವನು ನಾನು. ಬೋರ್ಡಿನ ಮೇಲಿರುವ ಟೈಮನ್ನು ನಂಬುವ ಅಭ್ಯಾಸ ನನಗಿಲ್ಲ. ಅರಕಲಗೂಡಿಗೆ ಹೋದ ಗಾಡಿಯೇ ತಿರುಗಿ ಬಂದು ಚನ್ನರಾಯಪಟ್ಟಣಕ್ಕೆ ಹೊರಡಬೇಕು. ಹೋಗುವಾಗಲೇ ತಡವಾಗಿದ್ದರೆ ಬರುವುದು ಹೇಗೆ? ಅದಕ್ಕೇ ಆ ಕಡೆಯಿಂದ ಬಂದ ಡ್ರೈವರನ್ನು ಇಳಿಯುವ ಮೊದಲೇ ಕೇಳುತ್ತಿದ್ದೆ: 'ನಮ್ಮ ಗಾಡಿ ಎಲ್ಲಿ ಕ್ರಾಸಾಯ್ತು?'

ಕಳೆದ ಚಳಿಗಾಲ ಪುಣೆಯ ಮಗಳ ಮನೆಗೆ ಹೊರಟಿದ್ದೆ. ನಮ್ಮ ಹಾಸನದ ಬೂವನಹಳ್ಳಿಯಲ್ಲಿ ಆಗಬೇಕಾದ ವಿಮಾನ ನಿಲ್ದಾಣದ ಮಾತು ಕೇಳುತ್ತಲೇ ನಮಗೆ ವಯಸ್ಸಾಯಿತು. ವಿಮಾನ ಹತ್ತಲು ದೇವನಹಳ್ಳಿಗೇ ಹೋದೆ. ಮಧ್ಯಾಹ್ನ 1.40ಕ್ಕೆ ವಿಮಾನ, ಪರದೆಯ ಮೇಲೆ 'ಸಕಾಲ'. ಮೊಮ್ಮಗ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟಿದ್ದ. ಆಕಾಶದಲ್ಲಿರುವ ವಿಮಾನ ತಾನೆಲ್ಲಿದ್ದೇನೆ ಎಂದು ರೇಡಿಯೊದಲ್ಲಿ ಸಾರಿಕೊಳ್ಳುತ್ತಲೇ ಹಾರುತ್ತದೆ. ನೆಲದ ಮೇಲಿನ ರಿಸೀವರುಗಳು ಅದನ್ನು ಹಿಡಿದು ನಕ್ಷೆಯಲ್ಲಿ ತೋರಿಸುತ್ತವೆ. ನಾನು ಏರಬೇಕಾದ ವಿಮಾನ 11.30 ಆದರೂ ದೆಹಲಿಯ ಮಂಜಿನಲ್ಲೇ ನಿಂತಿತ್ತು. ಆ ಕ್ಷಣವೇ ಎದ್ದರೂ ಎರಡೂಮುಕ್ಕಾಲು ಗಂಟೆಯ ದಾರಿ. ಜನ ಇಳಿದು, ಗುಡಿಸಿ, ಎಣ್ಣೆ ಹಾಕಿ, ನಮ್ಮನ್ನು ಹತ್ತಿಸಲು ಮುಕ್ಕಾಲು ಗಂಟೆ. ಮೂರಾದರೂ ಆಗುತ್ತದೆ. ಪರದೆ ಇನ್ನೂ 'ಸಕಾಲ' ಅನ್ನುತ್ತಲೇ ಇತ್ತು.

ಪಕ್ಕದಲ್ಲಿದ್ದವರು ಕೌಂಟರಿನ ಹುಡುಗಿಯ ಮೇಲೆ ರೇಗಲು ಶುರುಮಾಡಿದರು. ನನಗೆ ಮಾತ್ರ ಒಂದು ಥರ ನೆಮ್ಮದಿ. ಈ ನೆಮ್ಮದಿ ಎಲ್ಲಿಯದು ಅಂತ ಕೂತು ಯೋಚಿಸಿದೆ.

ಹೊಳೆನರಸೀಪುರದಲ್ಲಿದ್ದಾಗ ಅಧ್ಯಾತ್ಮ ಪ್ರಕಾಶ ಕಾರ್ಯಾಲಯದ ಪುಸ್ತಕಗಳನ್ನು ಓದುವ ಚಟ ಹತ್ತಿತ್ತು. ಶಂಕರರ ಭಾಷ್ಯಗಳನ್ನು ನನ್ನಂಥವರ ಕೈಗೂ ಸಿಗುವಂತೆ ಕನ್ನಡಕ್ಕೆ ತಂದವರು ಅಲ್ಲಿದ್ದ ಸಚ್ಚಿದಾನಂದೇಂದ್ರ ಸರಸ್ವತೀ ಸ್ವಾಮಿಗಳು (1880–1975). ಪ್ರಾರಬ್ಧಕ್ಕೆ, ಅಂದರೆ ಆಗಲೇ ಫಲ ಕೊಡಲು ಶುರುಮಾಡಿದ ಕರ್ಮಕ್ಕೆ, ಶಂಕರರು ಕೊಡುವ ಉದಾಹರಣೆ ಕುಂಬಾರನ ತಿಗರಿ. ಒಮ್ಮೆ ತಿರುಗಿಸಿಬಿಟ್ಟರೆ ವೇಗ ತೀರುವವರೆಗೆ ಅದು ಸುತ್ತಲೇಬೇಕು. ಜ್ಞಾನಿಗೂ ವಿನಾಯಿತಿ ಇಲ್ಲ. ಆದರೆ ತಿಗರಿ ಯಾಕೆ ಸುತ್ತುತ್ತಿದೆ ಅನ್ನುವುದು ಅವನಿಗೆ ಗೊತ್ತು. ದೆಹಲಿಯ ಮಂಜು ಗೊತ್ತಿದ್ದುದರಿಂದಲೇ ನಾನು ಹುಡುಗಿಯ ಮೇಲೆ ರೇಗಲಿಲ್ಲ ಅಂದುಕೊಂಡೆ. ಸ್ವಲ್ಪ ಹೆಮ್ಮೆಯೂ ಆಯಿತು, ಸುಳ್ಳು ಯಾಕೆ.

ಆಗ ಗೇಟ್ ಬದಲಾದ ಘೋಷಣೆ ಬಂತು. ಬೇರೆ ವಿಮಾನ ತಂದು ನಿಲ್ಲಿಸಿದ್ದರು. 2.20ಕ್ಕೆ ಹೊರಟೇಬಿಟ್ಟೆವು. ದೆಹಲಿಯದು ಇನ್ನೂ ದಾರಿಯಲ್ಲಿತ್ತು.

ನನ್ನ ಲೆಕ್ಕ ತಪ್ಪಿರಲಿಲ್ಲ; ಯಾರೋ ಒಳಗೆ ಕೂತು ಸ್ಪೇರ್ ಗಾಡಿ ಬಿಟ್ಟಿದ್ದರು. ತಿಗರಿಯ ಉದಾಹರಣೆಯಲ್ಲಿ ಈ ಸ್ಪೇರ್ ಗಾಡಿಗೆ ಜಾಗವಿರಲಿಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಕಡೆ ಕರ್ಮದ ಮಾತೇ ಬೇರೆ. ಜೈನರಿಗೆ ಅದು ಒಳಗೆ ಹರಿದು ಬಂದು ಅಂಟಿಕೊಳ್ಳುವ ಸೂಕ್ಷ್ಮವಾದ ಧೂಳು. ಆ ಒಳಹರಿವಿಗೆ ಆಸ್ರವ ಅಂತ ಹೆಸರು. ಹಣ್ಣಾಗಿ ಉದುರುವವರೆಗೆ ಕಾಯಬೇಕಾಗಿಲ್ಲ, ಮಾವಿನಕಾಯಿಯನ್ನು ಹುಲ್ಲಿನಲ್ಲಿಟ್ಟು ಹಣ್ಣು ಮಾಡುವ ಹಾಗೆ ತಪಸ್ಸಿನಿಂದ ಮೊದಲೇ ಪಕ್ವ ಮಾಡಿ ಉದುರಿಸಬಹುದು ಅನ್ನುತ್ತಾರೆ. ಎರಡು ದರ್ಶನಗಳಲ್ಲಿ ಯಾವುದು ಸರಿ ಅನ್ನುವಷ್ಟು ಓದಿಲ್ಲ. ಆದರೆ ಎರಡೂ ಮಾತಾಡುವುದು ಅವರವರ ಕರ್ಮದ ಬಗ್ಗೆ. ಕೌಂಟರಿನ ಒಳಗೆ ಕೂತವನು ಹೊರಗೆ ನಿಂತವರ ಕರ್ಮದ ಬಗ್ಗೆ ಹೇಳಲು ಯಾವುದೂ ಅನುಮತಿ ಕೊಟ್ಟಿಲ್ಲ.

ಇದು ನನಗೆ ಚುಚ್ಚಿದ್ದಕ್ಕೆ ಕಾರಣವಿದೆ. ಸ್ಟ್ಯಾಂಡ್ ಯಾವುದು ಅಂತ ಬೇಡ. ಒಂದು ಸಂಜೆ ಸೀರೆಯ ಗಂಟು ಕಂಕುಳಲ್ಲಿಟ್ಟುಕೊಂಡ ಮುದುಕಿ ಕಿಟಕಿಗೆ ಬಂದು, 'ಪಟ್ಣದ ಬಸ್ಸು ಎಷ್ಟೊತ್ತಿಗಪ್ಪಾ? ಮಗಳಿಗೆ ನೋವು ಶುರುವಾಗಿದೆಯಂತೆ' ಅಂದಳು. ಗಾಡಿ ಅರಕಲಗೂಡಿನ ದಾರಿಯಲ್ಲಿ ಕೆಟ್ಟು ನಿಂತಿದೆ ಅಂತ ಎದುರಿನ ಡ್ರೈವರ್ ಆಗಲೇ ಹೇಳಿದ್ದ. 'ಬರುತ್ತೆ, ಕೂತ್ಕೊ ಅಜ್ಜಿ' ಅಂದೆ. ಅಂಗಳದಲ್ಲಿ ತೊಳೆದ ಗಾಡಿಯೊಂದು ನಿಂತಿತ್ತು. ಟೈರಿನಿಂದ ಇನ್ನೂ ನೀರು ಸೋರುತ್ತಿತ್ತು. ಅದನ್ನು ಬಿಡಿಸಬೇಕಾದರೆ ಮೇಲಿನವರಿಗೆ ಫೋನ್ ಮಾಡಬೇಕು, ಬೈಸಿಕೊಳ್ಳಬೇಕು. ಮಾಡಲಿಲ್ಲ. ಕತ್ತಲಾಗುವವರೆಗೆ ಅವಳು ಮೂರು ಸಲ ಬಂದು ಕೇಳಿದಳು. ಮೂರನೆಯ ಸಲ ಅವಳೇ, 'ಹೋಗ್ಲಿ ಬಿಡಪ್ಪ, ನನ್ ಹಣೇಬರ' ಅಂದಳು.

ನಾನು ಏನೂ ಅನ್ನಲಿಲ್ಲ. ರಿಜಿಸ್ಟರು ತೆಗೆದು, ತಡಕ್ಕೆ ಕಾರಣ ಬರೆಯುವ ಕಡೆ 'ಗಾಡಿ ಬಂದಿಲ್ಲ' ಅಂತ ಬರೆದು ಸಹಿ ಹಾಕಿದೆ.