ಒಬ್ಬನು ಉಳಿದ, ಒಬ್ಬನು ಅಳಿದ

ಸಾವಿನ ದವಡೆಯಿಂದ ಒಬ್ಬನು ಪಾರಾಗಿ ಬಂದಾಗ ನಾವು "ದೇವರು ದೊಡ್ಡವನು" ಎನ್ನುತ್ತೇವೆ. ಅಂಥದೇ ಆಪತ್ತಿನಲ್ಲಿ ಇನ್ನೊಬ್ಬನು ಮಡಿದಾಗ "ಅವನ ಆಯುಸ್ಸು ಅಷ್ಟೇ" ಎಂದು ನಿಟ್ಟುಸಿರಿಟ್ಟು ಸುಮ್ಮನಾಗುತ್ತೇವೆ. ಈ ಎರಡು ಮಾತುಗಳ ನಡುವೆ ನಮ್ಮ ಹೊಣೆಗಾರಿಕೆ ಎಲ್ಲಿ ಅಡಗಿ ಕುಳಿತಿದೆ? ಇಬ್ಬರು ಫುಟ್‌ಬಾಲ್ ಆಟಗಾರರನ್ನು ಮುಂದಿಟ್ಟುಕೊಂಡು ತುಸು ಚಿಂತಿಸೋಣ.

ಫಾಬ್ರಿಸ್ ಮುವಾಂಬ 1988ರಲ್ಲಿ ಆಫ್ರಿಕದ ಕಿನ್ಶಾಸದಲ್ಲಿ ಹುಟ್ಟಿದವನು. ರಾಜಕೀಯ ಕಲಹದಿಂದಾಗಿ ತಂದೆ ದೇಶ ಬಿಡಬೇಕಾಯಿತು. ಹನ್ನೊಂದನೆಯ ವಯಸ್ಸಿನಲ್ಲಿ ಇಂಗ್ಲೆಂಡಿಗೆ ಬಂದ ಹುಡುಗನಿಗೆ ಅಲ್ಲಿಯ ಭಾಷೆ ಗೊತ್ತಿರಲಿಲ್ಲ. ಚೆಂಡಿನ ಭಾಷೆ ಗೊತ್ತಿತ್ತು. ಆರ್ಸೆನಲ್ ಸಂಸ್ಥೆಯಲ್ಲಿ ಪಳಗಿ, ಬರ್ಮಿಂಗ್‌ಹ್ಯಾಮ್ ತಂಡದಲ್ಲಿ ಆಡಿ, 2008ರಲ್ಲಿ ಬೋಲ್ಟನ್ ಸೇರಿದನು. ಮೈದಾನದ ನಡುಭಾಗವೇ ಅವನ ನೆಲೆ. ಗೋಲು ಹೊಡೆದು ಮೆರೆಯುವ ಸ್ಥಾನವಲ್ಲ ಅದು. ಎದುರಾಳಿಯಿಂದ ಚೆಂಡನ್ನು ಬಿಡಿಸಿ, ಜೊತೆಗಾರನಿಗೆ ದಾಟಿಸಿ, ಪಂದ್ಯವಿಡೀ ಓಡುತ್ತಲೇ ಇರಬೇಕಾದ ದುಡಿಮೆಯ ಸ್ಥಾನ.

2012ರ ಮಾರ್ಚ್ 17ರಂದು ಲಂಡನ್ನಿನಲ್ಲಿ ಟಾಟನ್‌ಹ್ಯಾಮ್ ತಂಡದೆದುರು ಆಡುತ್ತಿದ್ದಾಗ, ಯಾರೂ ತಾಕದೆಯೇ ಅವನು ಮುಗ್ಗರಿಸಿ ಬಿದ್ದನು. ಹೃದಯ ನಿಂತುಹೋಗಿತ್ತು. ವೈದ್ಯಕೀಯ ತಂಡ ಧಾವಿಸಿ ಎದೆಯೊತ್ತತೊಡಗಿತು. ಪ್ರೇಕ್ಷಕರ ನಡುವೆ ಕುಳಿತಿದ್ದ ಹೃದ್ರೋಗ ತಜ್ಞ ಡಾ. ಆಂಡ್ರ್ಯೂ ಡೀನರ್ ಕಾವಲುಗಾರರನ್ನು ಒಪ್ಪಿಸಿ ಕೆಳಗಿಳಿದು ಬಂದರು. ಮೈದಾನದಿಂದ ಆಂಬುಲೆನ್ಸಿನವರೆಗೆ ಹದಿನೈದು ಬಾರಿ ವಿದ್ಯುತ್ ಆಘಾತ ನೀಡಲಾಯಿತು. 78 ನಿಮಿಷಗಳ ಕಾಲ ಆ ಹೃದಯ ತಾನಾಗಿ ಬಡಿಯಲಿಲ್ಲ, ಆಮೇಲೆ ಬಡಿಯಿತು. ಮುವಾಂಬ ಕ್ರೈಸ್ತ ವಿಶ್ವಾಸಿ. ಅವನಿಗಾಗಿ ದೇಶದೇಶಗಳಲ್ಲಿ ಜನ ಪ್ರಾರ್ಥಿಸಿದರು.

ಅದಾದ ನಾಲ್ಕೇ ದಿನಕ್ಕೆ, ಮಾರ್ಚ್ 21ರಂದು, ನಮ್ಮ ಬೆಂಗಳೂರಿನ ಲೀಗ್ ಪಂದ್ಯವೊಂದರಲ್ಲಿ ಬೆಂಗಳೂರು ಮಾರ್ಸ್ ತಂಡದ ಡಿ. ವೆಂಕಟೇಶ್ ಕುಸಿದುಬಿದ್ದನು. ವಯಸ್ಸು 27. ಅಲ್ಲಿ ಆಂಬುಲೆನ್ಸ್ ಇರಲಿಲ್ಲ. ಜೊತೆಯ ಆಟಗಾರರೇ ಅವನನ್ನು ಆಟೋರಿಕ್ಷಾದಲ್ಲಿ ಆಸ್ಪತ್ರೆಗೆ ಕೊಂಡೊಯ್ದರು. ಅವನು ಬದುಕಲಿಲ್ಲ.

ಈಗ ಹೇಳಿ, ಮೊದಲನೆಯದನ್ನು ದೇವರ ಪವಾಡವೆಂದು ಕೊಂಡಾಡಿ, ಎರಡನೆಯದನ್ನು ದೇವರ ಚಿತ್ತವೆಂದು ಬದಿಗಿಡಬಹುದೇ? ಉಳಿದವನು ಅಳಿದವನಿಗಿಂತ ಹೆಚ್ಚು ಪುಣ್ಯವಂತನೇ? ಸಿಲೋವಾಮಿನ ಬುರುಜು ಕುಸಿದು ಹದಿನೆಂಟು ಮಂದಿ ಸತ್ತ ಪ್ರಸಂಗದಲ್ಲಿ, ಸತ್ತವರನ್ನು ಉಳಿದವರಿಗಿಂತ ಪಾಪಿಗಳೆಂದು ಎಣಿಸಬಾರದೆಂದು ಪ್ರಭುವೇ ಎಚ್ಚರಿಸಿದರು. ಜೀವ ಉಳಿಯುವುದು ಅರ್ಹತೆಗೆ ಸಂದ ಬಹುಮಾನವಲ್ಲ. ಹೃದಯ ಸ್ತಬ್ಧವಾದವನಿಗೆ ಎದೆಯೊತ್ತುವ ಕೈಯೂ ವಿದ್ಯುತ್ ಆಘಾತವೂ ದೊರೆಯದೆ ಕಳೆಯುವ ಒಂದೊಂದು ನಿಮಿಷಕ್ಕೂ ಬದುಕುವ ಸಂಭವ ಶೇಕಡ 7ರಿಂದ 10ರಷ್ಟು ಕುಗ್ಗುತ್ತದೆ. ಆ ನಿಮಿಷಗಳಿಗೆ ಒಂದೆಡೆ ಮನುಷ್ಯರು ಮುಂಚಿತವಾಗಿ ಸಿದ್ಧರಾಗಿದ್ದರು, ಇನ್ನೊಂದೆಡೆ ಸಿದ್ಧರಾಗಿರಲಿಲ್ಲ.

ಹಾಗಾದರೆ ಎಲ್ಲವೂ ಯಂತ್ರದ ಮಹಿಮೆಯೇ, ಪ್ರಾರ್ಥನೆ ಬರಿಯ ಮಾತೇ ಎಂದು ನೀವು ಕೇಳಬಹುದು. ಹಾಗೆನ್ನಲಾಗದು. 2003ರ ಜೂನ್ 26ರಂದು ಫ್ರಾನ್ಸಿನಲ್ಲಿ, ಅಂತರರಾಷ್ಟ್ರೀಯ ಪಂದ್ಯದಲ್ಲೇ, ಕ್ಯಾಮರೂನಿನ ಮಾರ್ಕ್ ವಿವಿಯನ್ ಫೋಯೆ ಕುಸಿದನು. ಅವನೂ ನಡುಮೈದಾನದ ಆಟಗಾರ, ವಯಸ್ಸು 28. ವೈದ್ಯರು ಸುಮಾರು ಮುಕ್ಕಾಲು ಗಂಟೆ ಹೆಣಗಿದರೂ ಪ್ರಾಣ ಮರಳಲಿಲ್ಲ. ಸಿದ್ಧತೆಯು ಜೀವಕ್ಕೆ ಅವಕಾಶ ಕೊಡಬಲ್ಲದು, ಭರವಸೆ ಕೊಡಲಾರದು. ಆದ್ದರಿಂದಲೇ ಕೃತಜ್ಞತೆಗೆ ಎಂದಿಗೂ ಸ್ಥಳವಿದೆ. ಆದರೆ ಕೊಡಬಹುದಾಗಿದ್ದ ಅವಕಾಶವನ್ನು ಕೊಡದೆ, ಫಲವನ್ನು ದೇವರ ತಲೆಗೆ ಕಟ್ಟುವುದು ಭಕ್ತಿಯಲ್ಲ, ಜಾರಿಕೆ.

ಸದಯ ಸಮಾರಿತನ ಸಾಮತಿಯಲ್ಲಿ ನಾವು ಹೆಚ್ಚಾಗಿ ಗಮನಿಸದ ಸಂಗತಿಯೊಂದಿದೆ. ಗಾಯಾಳುವನ್ನು ಕಂಡಾಗ ಆತನ ಬಳಿ ಎಣ್ಣೆಯಿತ್ತು, ದ್ರಾಕ್ಷಾರಸವಿತ್ತು, ಏರಿಸಿಕೊಳ್ಳಲು ವಾಹನದ ಪಶುವಿತ್ತು, ಛತ್ರದವನಿಗೆ ಕೊಡಲು ಹಣವಿತ್ತು. ಬರಿಗೈಯವನಾಗಿದ್ದರೆ ಆತನ ಕನಿಕರ ಕಣ್ಣೀರಿನಲ್ಲೇ ಮುಗಿಯುತ್ತಿತ್ತೋ ಏನೋ. ಪ್ರೀತಿಯು ಹೊರಡುವ ಮುನ್ನವೇ ಜೋಳಿಗೆಯನ್ನು ನೋಡಿಕೊಳ್ಳುತ್ತದೆ.

ಮುವಾಂಬನಿಗೆ ಜೀವ ಮರಳಿತು, ಆಟ ಮರಳಲಿಲ್ಲ. ವೈದ್ಯರ ಸಲಹೆಯಂತೆ 2012ರ ಆಗಸ್ಟಿನಲ್ಲಿ, 24ರ ಪ್ರಾಯದಲ್ಲೇ, ನಿವೃತ್ತನಾದನು. ಬಾಲ್ಯದಿಂದ ತನ್ನನ್ನು ತಾನೆಂದು ಗುರುತಿಸಿಕೊಟ್ಟಿದ್ದ ಕೆಲಸವೇ ಕೈಜಾರಿತ್ತು. ಅವನು ವಿಶ್ವವಿದ್ಯಾಲಯ ಸೇರಿ ಕ್ರೀಡಾ ಪತ್ರಿಕೋದ್ಯಮ ಓದಿ 2015ರಲ್ಲಿ ಪದವಿ ಪಡೆದನು. ಮೈದಾನಗಳಲ್ಲಿ ಡಿಫಿಬ್ರಿಲೇಟರ್ ಇರಬೇಕೆಂದು ದನಿಯೆತ್ತಿದನು. "ನಾನು ಉಳಿದೆ" ಎಂಬ ಕೃತಜ್ಞತೆ ಅವನಲ್ಲಿ "ಇನ್ನೊಬ್ಬನೂ ಉಳಿಯಲಿ" ಎಂಬ ಕಾಳಜಿಯಾಯಿತು.

ಓದುಗರೇ, ನಮ್ಮ ಧರ್ಮಕೇಂದ್ರದ ಹಬ್ಬಕ್ಕೆ ಸಾವಿರಾರು ಜನ ಸೇರುತ್ತಾರೆ. ನಮ್ಮ ಶಾಲೆಗಳ ಕ್ರೀಡಾದಿನದಲ್ಲಿ ಮಕ್ಕಳು ಉರಿಬಿಸಿಲಲ್ಲಿ ಓಡುತ್ತಾರೆ. ಪಂದಳಿಗೆ, ದೀಪಾಲಂಕಾರಕ್ಕೆ, ಬಹುಮಾನದ ಬಟ್ಟಲುಗಳಿಗೆ ನಾವು ತಿಂಗಳ ಮೊದಲೇ ಲೆಕ್ಕ ಹಾಕುತ್ತೇವೆ. ಒಬ್ಬನು ಕುಸಿದುಬಿದ್ದರೆ ಎದೆಯೊತ್ತಬಲ್ಲವರು ಅಲ್ಲಿ ಯಾರಿದ್ದಾರೆ? ಆ ವಿದ್ಯೆಯನ್ನು ಕಲಿಯಲು ಕೆಲವು ಗಂಟೆಗಳು ಸಾಕು. ಈ ವರ್ಷದ ಹಬ್ಬದ ಸಿದ್ಧತೆಯ ಸಭೆಯಲ್ಲಿ, ಪ್ರಾರಂಭದ ಪ್ರಾರ್ಥನೆ ಮುಗಿದ ಮೇಲೆ, ಈ ಪ್ರಶ್ನೆಯನ್ನು ನೀವೇ ಎದ್ದುನಿಂತು ಕೇಳಬಹುದಲ್ಲವೇ?